ವಿವಿಯನ್ ಲೀ ಕಾಗದಪತ್ರ: ಒಬ್ಬ ನಟಿಯ ದಾಖಲೆ ಎಲ್ಲೆಲ್ಲಿದೆ, ಅದನ್ನು ಹೇಗೆ ಜೋಡಿಸಿ ಓದಬೇಕು

ಬ್ರಿಟಿಷ್ ನಟಿ ವಿವಿಯನ್ ಲೀ 1913ರ ನವೆಂಬರ್ 5ರಂದು ಡಾರ್ಜಿಲಿಂಗಿನಲ್ಲಿ ಹುಟ್ಟಿದರು. 1967ರ ಜುಲೈನಲ್ಲಿ ಲಂಡನ್ನಿನಲ್ಲಿ ಕ್ಷಯರೋಗದಿಂದ ತೀರಿಕೊಂಡರು. ಆಮೇಲೆ 46 ವರ್ಷ ಅವರ ಕಾಗದಪತ್ರಗಳು ಕುಟುಂಬದವರ ಬಳಿಯೇ ಉಳಿದವು. 2013ರಲ್ಲಿ, ಅವರ ಜನ್ಮಶತಾಬ್ದಿಯ ವರ್ಷ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಅವನ್ನು ಮೊಮ್ಮಕ್ಕಳಿಂದ ಪಡೆದುಕೊಂಡಿತು. 1929ರಿಂದ ಕೊನೆಯವರೆಗಿನ ದಿನಚರಿಗಳು, ಲೀ ಮತ್ತು ಅವರ ಪತಿ, ನಟ ಲಾರೆನ್ಸ್ ಒಲಿವಿಯರ್ ಹೆಸರಿಗೆ ಬಂದ 7,500ಕ್ಕೂ ಹೆಚ್ಚು ಪತ್ರಗಳು, ಗುರುತು ಹಾಕಿದ ಸ್ಕ್ರಿಪ್ಟ್‌ಗಳು, ಫೋಟೊಗಳು, ಆಳ ಕಾಣುವಂತೆ ಜೋಡಿಯಾಗಿ ತೆಗೆದ ಸ್ಟೀರಿಯೊ ಸ್ಲೈಡ್‌ಗಳು, ಪ್ರಶಸ್ತಿಗಳು, ದಂಪತಿ ವಾಸವಿದ್ದ ನಾಟ್ಲಿ ಅಬಿ ಮನೆಯ ಅತಿಥಿ ಪುಸ್ತಕ, ಎಲ್ಲವೂ ಒಟ್ಟಿಗೇ ಬಂದವು. ಮ್ಯೂಸಿಯಂನಲ್ಲಿ ಇದರ ಸಂಖ್ಯೆ ಟಿಎಚ್‌ಎಂ/433.

ಪತ್ರಿಕೆಗಳಲ್ಲಿ ಸುದ್ದಿಯಾದದ್ದು ಚರ್ಚಿಲ್, ಟಿ. ಎಸ್. ಎಲಿಯಟ್, ಆರ್ಥರ್ ಮಿಲ್ಲರ್, ರಾಜಮಾತೆ ಎಲಿಜಬೆತ್ ಬರೆದ ಪತ್ರಗಳು. ಅವು ಮುಖ್ಯವಲ್ಲ ಎಂದಲ್ಲ. ಆದರೆ ದೊಡ್ಡವರ ಸಹಿಯಿರುವ ಪತ್ರ ಬಿಡಿಯಾಗಿದ್ದರೂ ಬೆಲೆ ಕಳೆದುಕೊಳ್ಳುವುದಿಲ್ಲ, ಹರಾಜಿನಲ್ಲೂ ಹೋಗುತ್ತದೆ. ನಟಿಯ ಸಂಗ್ರಹಕ್ಕೆ ನಿಜವಾದ ಬೆಲೆ ಬರುವುದು ಒಂದು ಕಾಗದದ ಪಕ್ಕ ಇನ್ನೊಂದು ಕಾಗದ ಇದ್ದಾಗ: ಇವತ್ತಿನ ದಿನಚರಿಯ ಚುಟುಕು ಸಾಲು, ಅದೇ ವಾರ ಬಂದ ತಂತಿ (ಟೆಲಿಗ್ರಾಂ), ಅದೇ ನಾಟಕದ ಗುರುತಿನ ಪ್ರತಿ, ಅದೇ ರಾತ್ರಿಯ ಫೋಟೊ. ಆ ನಂಟು ಒಮ್ಮೆ ಕಡಿದರೆ ಮತ್ತೆ ಕೂಡಿಸುವುದು ತುಂಬಾ ಕಷ್ಟ. ಲೀ ಪ್ರಕರಣವನ್ನು ಆರಿಸಿಕೊಂಡದ್ದೇ ಅದಕ್ಕೆ. ಇಲ್ಲಿ ಬಹುಭಾಗ ಒಂದೆಡೆ ಉಳಿದಿದೆ, ಆದರೂ ಅವರ ವೃತ್ತಿಯ ಪೂರ್ತಿ ಚಿತ್ರ ಬೇಕಾದರೆ ಎರಡು ಖಂಡ ಸುತ್ತಬೇಕು.

ಯಾವುದು ಎಲ್ಲಿದೆ, ಯಾಕೆ ಅಲ್ಲಿದೆ

ರಂಗಭೂಮಿಯ ಕಾಗದಗಳಿಗೆ ಆ ಮ್ಯೂಸಿಯಂ ಸಹಜವಾದ ಮನೆ. 1924ರಲ್ಲಿ ಗೇಬ್ರಿಯಲ್ ಎಂತೋವೆನ್ ಎಂಬ ಮಹಿಳೆ ತಾವು ಕೂಡಿಟ್ಟಿದ್ದ 80,000ಕ್ಕೂ ಹೆಚ್ಚು ನಾಟಕದ ಕರಪತ್ರ, ಕಾರ್ಯಕ್ರಮ ಪಟ್ಟಿಗಳನ್ನು ಕೊಟ್ಟಾಗ ಅಲ್ಲಿ ರಂಗಸಂಗ್ರಹ ಶುರುವಾಯಿತು. ಲೀ ನಟಿಸಿದ ಲಂಡನ್ ನಾಟಕಗಳ ಮುದ್ರಿತ ಸಾಮಗ್ರಿಯನ್ನು ಅವರ ಖಾಸಗಿ ಕಾಗದದ ಜೊತೆಗಿಟ್ಟು ನೋಡಬೇಕಾದರೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಒಲಿವಿಯರ್ ಅವರ ಕಾಗದಪತ್ರ ಮಾತ್ರ ಅದೇ ನಗರದ ಬ್ರಿಟಿಷ್ ಲೈಬ್ರರಿಯಲ್ಲಿದೆ. ಇಬ್ಬರೂ 1940ರಲ್ಲಿ ಮದುವೆಯಾಗಿ 1960ರಲ್ಲಿ ವಿಚ್ಛೇದನ ಪಡೆದರು. ಪತ್ರ ಉಳಿಯುವುದು ಬರೆದವರ ಬಳಿ ಅಲ್ಲ, ಪಡೆದವರ ಬಳಿ. ಹಾಗಾಗಿ ಒಬ್ಬರ ಪತ್ರ ಓದಿ ಅದಕ್ಕೆ ಬಂದ ಉತ್ತರ ಹುಡುಕುವವರು ಎರಡೂ ಸಂಸ್ಥೆಗಳ ಸೂಚಿಯನ್ನು ಅಕ್ಕಪಕ್ಕ ಇಟ್ಟುಕೊಳ್ಳಲೇಬೇಕು. 'ಇಬ್ಬರಿಗೂ' ಎಂದು ಬಂದ ಪತ್ರಗಳ ಪಾಡು ಇನ್ನೂ ತೊಡಕು. ಅವು ಯಾರ ಮೇಜಿನ ಖಾನೆಯಲ್ಲಿ ಉಳಿದವು ಎನ್ನುವುದಷ್ಟೇ ಅವು ಯಾವ ಸಂಸ್ಥೆಗೆ ಸೇರಿದವು ಎಂಬುದನ್ನು ತೀರ್ಮಾನಿಸಿದೆ. ಇದಕ್ಕೆ ವಿಷಯವನ್ನೋ ಮಹತ್ವವನ್ನೋ ಕಾರಣವಾಗಿ ಹುಡುಕಬಾರದು. ಇದರ ಜೊತೆಗೆ ಇನ್ನೊಂದು ಅಪಾಯ: 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿಯಾಗಿ ಆನ್‌ಲೈನ್ ಸೂಚಿ ತಿಂಗಳುಗಟ್ಟಲೆ ನಿಂತುಹೋಯಿತು. ಎರಡು ಕಡೆ ಹಂಚಿರುವ ಸಂಗ್ರಹದಲ್ಲಿ ಒಂದು ಬಾಗಿಲು ಮುಚ್ಚಿದರೆ ಇನ್ನೊಂದರ ಓದೂ ಅರ್ಧಕ್ಕೆ ನಿಲ್ಲುತ್ತದೆ. ಸೂಚಿಯ ಪುಟಗಳನ್ನು ಇಳಿಸಿ ನಮ್ಮ ಬಳಿ ಒಂದು ಪ್ರತಿ ಇಟ್ಟುಕೊಳ್ಳುವ ಅಭ್ಯಾಸ ಇಂಥ ಹೊತ್ತಿಗೆ ಕೈಹಿಡಿಯುತ್ತದೆ.

ಸಿನಿಮಾದ ಲೆಕ್ಕವೇ ಬೇರೆ. ಪರದೆಯ ಮೇಲೆ ನಟಿ ಉಟ್ಟ ಬಟ್ಟೆ ನಟಿಯದಲ್ಲ, ಸ್ಟುಡಿಯೊದ್ದು. 'ಗಾನ್ ವಿತ್ ದಿ ವಿಂಡ್' ಚಿತ್ರದಲ್ಲಿ ಲೀ ಉಟ್ಟ, ಕಥೆಯಲ್ಲಿ ಕಿಟಕಿ ಪರದೆಯ ಬಟ್ಟೆಯಿಂದ ಹೊಲಿದ ಹಸಿರು ಗೌನು ಲಂಡನ್ನಿನಲ್ಲಿಲ್ಲ. ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಅವರ ದೈತ್ಯ ಸಂಗ್ರಹದ ಜೊತೆ ಅದು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿರುವ ಹ್ಯಾರಿ ರ‍್ಯಾನ್ಸಮ್ ಸೆಂಟರ್‌ನಲ್ಲಿದೆ. ಆ ಚಿತ್ರದ ಉಡುಪುಗಳ ಸಂರಕ್ಷಣೆಗೆ 2010ರಲ್ಲಿ ಜನರಿಂದಲೇ 30,000 ಡಾಲರ್‌ಗೂ ಹೆಚ್ಚು ಹಣ ಕೂಡಿತು. ಹೊಲಿಗೆ ಗಟ್ಟಿಮಾಡುವುದರ ಜೊತೆಗೆ ಆ ಹಣದ ಉದ್ದೇಶವಾಗಿದ್ದದ್ದು ಬಟ್ಟೆ ತೊಡಿಸಿ ನಿಲ್ಲಿಸಲು ಅಳತೆಗೆ ತಕ್ಕ ಮ್ಯಾನಿಕ್ವಿನ್‌ಗಳು ಮತ್ತು ಇಡುವ ಪೆಟ್ಟಿಗೆಗಳು. ಭಾರದ ವೆಲ್ವೆಟ್ ಗೌನನ್ನು ಹ್ಯಾಂಗರ್‌ಗೆ ತೂಗುಹಾಕಿದರೆ ಅದರ ತೂಕವೇ ಭುಜದ ಮತ್ತು ಸೊಂಟದ ಹೊಲಿಗೆಯನ್ನು ಎಳೆದು ಹರಿಯುತ್ತದೆ, ಅದಕ್ಕೇ ಈ ಖರ್ಚು.

ಫೋಟೊಗಳಲ್ಲೂ ಇದೇ ಕಥೆ. 1930ರ ದಶಕದಿಂದ ಲೀಯನ್ನು ಮತ್ತೆ ಮತ್ತೆ ಚಿತ್ರಿಸಿದವರು ಆಂಗಸ್ ಮ್ಯಾಕ್‌ಬೀನ್. ಅವರ ಗಾಜಿನ ನೆಗೆಟಿವ್‌ಗಳ ರಾಶಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋಗಿದೆ, ಹಕ್ಕುಸ್ವಾಮ್ಯವೂ ಅಲ್ಲೇ. ಹಾಗಾಗಿ ಮ್ಯಾಕ್‌ಬೀನ್ ತೆಗೆದ ಪ್ರಿಂಟ್ ಲಂಡನ್ನಿನಲ್ಲೇ ನಿಮ್ಮ ಮುಂದೆ ಮೇಜಿನ ಮೇಲಿದ್ದರೂ ಅಚ್ಚು ಹಾಕಲು ಅನುಮತಿ ಕೇಳಬೇಕಾದದ್ದು ಅಮೆರಿಕಕ್ಕೆ. ಯಾವುದೇ ಪ್ರಿಂಟನ್ನು ಸ್ಕ್ಯಾನ್ ಮಾಡುವಾಗ ಹಿಂಬದಿಯನ್ನೂ ಸ್ಕ್ಯಾನ್ ಮಾಡಬೇಕು ಎನ್ನುವುದು ಇದಕ್ಕೇ. ಛಾಯಾಗ್ರಾಹಕರ ಮೊಹರು, ಪತ್ರಿಕೆಯ ರಬ್ಬರ್ ಸ್ಟ್ಯಾಂಪು, ಪೆನ್ಸಿಲ್ ಸಂಖ್ಯೆ, ಎಲ್ಲವೂ ಇರುವುದು ಅಲ್ಲಿಯೇ. ಮುಂಬದಿ ಮಾತ್ರ ಡಿಜಿಟಲ್ ಮಾಡಿದ ಆಲ್ಬಂಗಳು ಎಷ್ಟೋ ಇವೆ. ಅವುಗಳಲ್ಲಿ ಹಕ್ಕು ಯಾರದೆಂದು ತಿಳಿಯಲು ಮತ್ತೆ ಮೂಲ ಪೆಟ್ಟಿಗೆಯನ್ನೇ ತೆರೆಯಬೇಕು.

ಒಂದು ನಾಟಕವನ್ನು ಹಿಡಿದು ನೋಡಿದರೆ

1949ರ ಅಕ್ಟೋಬರ್‌ನಲ್ಲಿ ಟೆನೆಸೀ ವಿಲಿಯಮ್ಸ್ ಅವರ 'ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್' ಲಂಡನ್ನಿನ ಆಲ್ಡ್‌ವಿಚ್ ಥಿಯೇಟರಿನಲ್ಲಿ ರಂಗಕ್ಕೆ ಬಂತು. ನಿರ್ದೇಶನ ಒಲಿವಿಯರ್ ಅವರದು. ಬ್ಲಾಂಚ್ ಪಾತ್ರವನ್ನು ಲೀ 326 ಪ್ರದರ್ಶನಗಳಲ್ಲಿ ಮಾಡಿದರು. ಮರುವರ್ಷ ಎಲಿಯಾ ಕಜಾನ್ ನಿರ್ದೇಶನದಲ್ಲಿ ಚಿತ್ರೀಕರಣ, 1951ರಲ್ಲಿ ಬಿಡುಗಡೆ, ಲೀಗೆ ಎರಡನೇ ಆಸ್ಕರ್. ಒಬ್ಬಳೇ ನಟಿ, ಒಂದೇ ಪಾತ್ರ, ಎರಡು ಮಾಧ್ಯಮ. ರಂಗದ ಮೇಲಿದ್ದ ಒಂದು ಮಾತು ಸಿನಿಮಾದಲ್ಲಿ ಇಲ್ಲವೆಂದರೆ ಅದನ್ನು ತೆಗೆದವರು ಯಾರು?

ನಟಿಯ ಪ್ರತಿಯಲ್ಲಿ ಪೆನ್ಸಿಲ್ ಗೆರೆ ಕಂಡ ತಕ್ಷಣ 'ಲೀ ತೆಗೆದರು' ಎಂದು ಬರೆಯುವುದು ಹೊಸಬರು ಬೀಳುವ ಮೊದಲ ಹಳ್ಳ. ಆಗಿನ ಬ್ರಿಟನ್ನಿನಲ್ಲಿ ಪ್ರತಿ ಹೊಸ ನಾಟಕಕ್ಕೂ ಲಾರ್ಡ್ ಚೇಂಬರ್ಲಿನ್ ಕಚೇರಿಯ ಪರವಾನಗಿ ಬೇಕಿತ್ತು. ಆ ಪದ್ಧತಿ ಹೋದದ್ದು 1968ರಲ್ಲಿ. ಈ ನಾಟಕದಲ್ಲಿ ಬ್ಲಾಂಚಳ ಸತ್ತ ಗಂಡನ ಸಲಿಂಗಕಾಮದ ಪ್ರಸ್ತಾಪಕ್ಕೆ ಆ ಕಚೇರಿ ತಕರಾರು ತೆಗೆದಿತ್ತು. ಪರವಾನಗಿಗೆ ಸಲ್ಲಿಸಿದ ಪ್ರತಿಗಳು ಮತ್ತು ಅವುಗಳ ಪತ್ರವ್ಯವಹಾರ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಮೆರಿಕದಲ್ಲಿ ಸಿನಿಮಾದ ಸೆನ್ಸಾರ್ ಕತ್ತರಿ ಬೇರೆ. ಅದರ ಕಡತಗಳಿಗೆ ಮೊದಲು ನೋಡಬೇಕಾದದ್ದು ಬೆವರ್ಲಿ ಹಿಲ್ಸ್‌ನಲ್ಲಿರುವ, ಆಸ್ಕರ್ ಅಕಾಡೆಮಿಯ ಮಾರ್ಗರೆಟ್ ಹೆರಿಕ್ ಲೈಬ್ರರಿಯನ್ನು, ಸ್ಟುಡಿಯೊದ ಕಡತಗಳಿಗೆ ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿರುವ ವಾರ್ನರ್ ಬ್ರದರ್ಸ್ ದಾಖಲೆಗಳನ್ನು. ಹೀಗಾಗಿ ಒಂದು ಗೆರೆಯ ಹಿಂದೆ ನಾಲ್ಕು ಕೈ ಇರಬಹುದು: ಸೆನ್ಸಾರ್, ನಿರ್ದೇಶಕ, ಸ್ಟುಡಿಯೊ, ನಟಿ.

ಬಿಡಿಸುವುದು ಹೇಗೆ? ಮೊದಲು ಗುರುತಿನ ಬಗೆ ನೋಡಿ. ಮಾತಿನ ಕೆಳಗೆ ಗೆರೆ, ಎರಡು ಪದಗಳ ನಡುವೆ ಓರೆಗೀಟು, ಇವು ಒತ್ತು ಮತ್ತು ಉಸಿರಿನ ಗುರುತುಗಳು. ಅಂಥವನ್ನು ಬಹುಮಟ್ಟಿಗೆ ನಟರೇ ಹಾಕಿಕೊಳ್ಳುತ್ತಾರೆ. ಇಡೀ ಭಾಷಣಕ್ಕೆ ಅಡ್ಡಗೆರೆ ಎಳೆದಿದ್ದರೆ ಅದು ಮೇಲಿನಿಂದ ಬಂದ ಕಡಿತ ಇರಬಹುದು, ಪರವಾನಗಿ ಪ್ರತಿಯ ಜೊತೆ ತಾಳೆ ನೋಡದೆ ಹೇಳಬಾರದು. ನಡಿಗೆಯ ಸೂಚನೆಯಲ್ಲಿ 'ಪಿ.ಎಸ್.', 'ಓ.ಪಿ.' ಎಂದಿದ್ದರೆ ಅದು ಬ್ರಿಟಿಷ್ ರಂಗದ ರೂಢಿ: ಪ್ರಾಂಪ್ಟರ್ (ನಟರಿಗೆ ಮಾತು ನೆನಪಿಸುವವರು) ಕೂರುವ ಬದಿ, ಅಂದರೆ ನಟರ ಎಡಗಡೆ, ಮತ್ತು ಅದರ ಎದುರು ಬದಿ. ಹಾಲಿವುಡ್ ಸ್ಕ್ರಿಪ್ಟಿನಲ್ಲಿ ಇದು ಕಾಣುವುದಿಲ್ಲ. ಅಲ್ಲಿ ತಿದ್ದಿದ ಪುಟಗಳು ಬಣ್ಣದ ಕಾಗದದಲ್ಲಿ, ಮೂಲೆಯಲ್ಲಿ ದಿನಾಂಕದೊಂದಿಗೆ ಬರುತ್ತವೆ. ಬಣ್ಣಗಳ ಸರದಿ ಸ್ಟುಡಿಯೊದಿಂದ ಸ್ಟುಡಿಯೊಗೆ ಬೇರೆ, ಹಾಗಾಗಿ ಬಣ್ಣ ನಂಬದೆ ದಿನಾಂಕ ನಂಬಿ. ಬಿಳಿ ಹಾಳೆಗಳನ್ನೆಲ್ಲ ಒಂದು ಕಡೆ, ಬಣ್ಣದವನ್ನೆಲ್ಲ ಇನ್ನೊಂದು ಕಡೆ ಮಾಡಿ 'ಅಚ್ಚುಕಟ್ಟು' ಮಾಡಿದರೆ ಚಿತ್ರೀಕರಣದ ಕೊನೆಯ ರೂಪವೇ ಕಳೆದುಹೋಗುತ್ತದೆ. ಪುಟಗಳ ನಡುವೆ ಸಿಕ್ಕಿದ ಚೀಟಿ, ಒಣಗಿದ ಹೂವು, ಟಿಕೆಟ್ ತುಂಡು ಯಾವುದನ್ನಾದರೂ ತೆಗೆಯುವ ಮೊದಲು ಎರಡೂ ಪುಟ ಕಾಣುವಂತೆ ಒಂದು ಫೋಟೊ ತೆಗೆದು, ಅದು ಯಾವ ಪುಟದಲ್ಲಿತ್ತೆಂದು ಚೀಟಿಯ ಜೊತೆಗೇ ಬರೆದಿಡಬೇಕು.

ದಿನಾಂಕವಿಲ್ಲದ ಪತ್ರಗಳು

7,500 ಪತ್ರಗಳನ್ನು ಒಂದೊಂದಾಗಿ ಸೂಚಿ ಮಾಡಲು ತಲಾ ಮೂರು ನಿಮಿಷ ಹಿಡಿದರೂ 375 ಗಂಟೆ ಬೇಕು. ದಿನಕ್ಕೆ ಏಳು ಗಂಟೆಯಂತೆ ಹತ್ತಿರ ಹತ್ತಿರ 54 ದಿನದ ಕೆಲಸ. ಇದು ತೆರೆದು ಓದಿ ಹೆಸರು ಬರೆಯುವುದಕ್ಕಷ್ಟೇ. ಅದಕ್ಕಾಗಿಯೇ ಆರ್ಕೈವ್‌ಗಳಲ್ಲಿ ಕಡತದ ಮಟ್ಟದಲ್ಲಿ ವಿವರ ಬರೆಯುವುದು ವಾಡಿಕೆ: ಸಂಗ್ರಹ, ಅದರೊಳಗೆ ಸರಣಿ, ಅದರೊಳಗೆ ಕಡತ, ಅಗತ್ಯವಿದ್ದಲ್ಲಿ ಮಾತ್ರ ಬಿಡಿ ಪತ್ರ. ಮೇಲಿನ ಮಟ್ಟದಲ್ಲಿ ಹೇಳಿದ್ದನ್ನು ಕೆಳಗೆ ಮತ್ತೆ ಬರೆಯುವುದಿಲ್ಲ. ಪೂರ್ತಿ ಸೂಚಿ ಮುಗಿಯುವವರೆಗೆ ಬೀಗ ಹಾಕಿಡುವುದಕ್ಕಿಂತ ಕಡತದ ಮಟ್ಟದ ಸೂಚಿ ಕೊಟ್ಟು ಓದುಗರಿಗೆ ಬಾಗಿಲು ತೆರೆಯುವುದೇ ಸರಿ ಎನ್ನುವುದು ನಮ್ಮ ಗಟ್ಟಿ ಅಭಿಪ್ರಾಯ.

ತೊಂದರೆ ಕೊಡುವುದು ದಿನಾಂಕ. ಆ ಕಾಲದ ಖಾಸಗಿ ಪತ್ರಗಳಲ್ಲಿ ಎಷ್ಟೋ ಸಲ 'ಮಂಗಳವಾರ' ಎಂದಷ್ಟೇ ಇರುತ್ತದೆ. ಇಲ್ಲಿ ಲಕೋಟೆಯೇ ಸಾಕ್ಷಿ, ಅದನ್ನು ಎಸೆಯುವವರು ಅರ್ಧ ದಾಖಲೆಯನ್ನೇ ಎಸೆಯುತ್ತಾರೆ. ಅಂಚೆಮುದ್ರೆ ಮಸುಕಾಗಿದ್ದರೂ ವಿಳಾಸದ ಹೆಸರು ಕಾಲ ಹೇಳುತ್ತದೆ. ಲೀ ಹುಟ್ಟಾ ಹಾರ್ಟ್ಲಿ. 1932ರಲ್ಲಿ ಮದುವೆಯಾಗಿ ಮಿಸೆಸ್ ಹೋಲ್ಮನ್. ವೃತ್ತಿಯಲ್ಲಿ 1930ರ ದಶಕದ ನಡುವಿನಿಂದ ವಿವಿಯನ್ ಲೀ. 1940ರಿಂದ ಮಿಸೆಸ್ ಒಲಿವಿಯರ್. 1947ರಲ್ಲಿ ಒಲಿವಿಯರ್‌ಗೆ ನೈಟ್ ಪದವಿ ಬಂದ ಮೇಲೆ ಲೇಡಿ ಒಲಿವಿಯರ್. ಹಾಗಾಗಿ ಲಕೋಟೆಯ ಮೇಲೆ 'ಲೇಡಿ ಒಲಿವಿಯರ್' ಎಂದಿದ್ದರೆ 1947ಕ್ಕಿಂತ ಹಿಂದಿನದಲ್ಲ ಎಂದು ಧೈರ್ಯವಾಗಿ ಬರೆಯಬಹುದು. ಅದರ ಮೇಲೆ ವಾರದ ಹೆಸರು, ಪತ್ರದ ತಲೆಯಲ್ಲಿ ಅಚ್ಚಾದ ವಿಳಾಸ, ದಿನಚರಿಯ ಆ ವಾರದ ನಮೂದು, ಈ ಮೂರೂ ಒಂದಕ್ಕೊಂದು ಹೊಂದಿದರೆ ದಿನ ಸಿಕ್ಕಿತೆಂದೇ ಲೆಕ್ಕ. ಊಹಿಸಿದ ದಿನಾಂಕವನ್ನು ಚೌಕಾವರಣದಲ್ಲಿ ಬರೆದು, ಯಾವ ಆಧಾರದ ಮೇಲೆ ಊಹಿಸಿದ್ದೆಂದು ಒಂದು ಸಾಲು ಸೇರಿಸಬೇಕು. ಹಾಗೆ ಮಾಡದಿದ್ದರೆ ಊಹೆ ಮುಂದಿನ ಪೀಳಿಗೆಗೆ ಸತ್ಯವಾಗಿ ಹೋಗುತ್ತದೆ.

ಒಬ್ಬರೇ ವ್ಯಕ್ತಿ ಇಷ್ಟು ಹೆಸರುಗಳಲ್ಲಿ ಬರುವುದರಿಂದ ಹೆಸರಿನ ಒಂದು ಮೂಲಪಟ್ಟಿ ಮೊದಲೇ ತಯಾರಾಗಿರಬೇಕು. 'ಲ್ಯಾರಿ' ಎಂದು ಸಹಿ ಮಾಡಿದವರು ಒಲಿವಿಯರ್ ಎಂದು ಎಲ್ಲರಿಗೂ ಗೊತ್ತು. ಆದರೆ ಬರೀ ಮೊದಲ ಹೆಸರಿನಲ್ಲಿ ಸಹಿ ಹಾಕಿದ ಉಡುಪು ಸಹಾಯಕಿ, ಕಾರ್ಯದರ್ಶಿ, ಮೇಕಪ್‌ನವರು ಯಾರು? ನಟಿಯ ಕೆಲಸದ ದಿನ ಹೇಗಿತ್ತೆಂದು ಹೇಳುವವರು ಅವರೇ. ಪ್ರಸಿದ್ಧರ ಪತ್ರಗಳನ್ನು ಆರಿಸಿ ಬೇರೆ ಪೆಟ್ಟಿಗೆಗೆ ಹಾಕಿದ ಸಂಗ್ರಹಗಳಲ್ಲಿ ಮೊದಲು ಕಾಣೆಯಾಗುವವರೂ ಅವರೇ.

ದಿನಚರಿಯಿಂದ ಬಹಳ ನಿರೀಕ್ಷಿಸುವವರಿಗೆ ಒಂದು ಮಾತು. ಇವು ಮನಸ್ಸು ಬಿಚ್ಚಿ ಬರೆದ ಡೈರಿಗಳಲ್ಲ, ಕೆಲಸದ ಡೈರಿಗಳು. 1933ರಲ್ಲಿ ಮಗಳು ಹುಟ್ಟಿದ ದಿನದ ನಮೂದಿನಲ್ಲಿರುವುದು ಮಗು ಹುಟ್ಟಿತು, ಹೆಣ್ಣು ಎಂಬಷ್ಟೇ. ಆದರೆ ಇಂಥ ಚುಟುಕೇ ಇತರ ಕಾಗದಗಳಿಗೆ ಕಾಲದ ಗೂಟ. ದಿನ, ಊರು, ರಂಗಮಂದಿರ ಅಥವಾ ಸ್ಟುಡಿಯೊ, ಭೇಟಿಯಾದವರು ಎಂದು ನಾಲ್ಕು ಕಾಲಂ ಹಾಕಿ ಇಡೀ ದಿನಚರಿಯನ್ನು ಒಂದು ಪಟ್ಟಿಗೆ ಇಳಿಸಿಕೊಂಡರೆ ಉಳಿದ ಪೆಟ್ಟಿಗೆಗಳ ಕೆಲಸ ಎಷ್ಟೋ ಹಗುರ.

ಕೈಯಲ್ಲಿ ಹಿಡಿಯುವ ಕೆಲಸ

ಬ್ರಿಟನ್ನಿನಲ್ಲಿ ಮಿಶ್ರ ದಾಖಲೆಗಳ ಉಗ್ರಾಣಕ್ಕೆ ಒಪ್ಪಿರುವ ಮಟ್ಟ 13ರಿಂದ 23 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 35ರಿಂದ 60. ಹೊಸದಾಗಿ ಬಂದ ಪೆಟ್ಟಿಗೆಯನ್ನು ನೇರ ಉಗ್ರಾಣಕ್ಕೆ ಒಯ್ಯುವುದಿಲ್ಲ. ಬೇರೆ ಕೋಣೆಯಲ್ಲಿಟ್ಟು ಹುಳು, ಬೂಷ್ಟು ಇದೆಯೇ ನೋಡುತ್ತಾರೆ. ಹುಳು ಇದ್ದರೆ ಕಾಗದವನ್ನು ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಮೈನಸ್ 30 ಡಿಗ್ರಿಯಲ್ಲಿ ಮೂರು ದಿನ, ಇಲ್ಲವೇ ಮೈನಸ್ 18ರಲ್ಲಿ ಎರಡು ವಾರ ಇಡುತ್ತಾರೆ. ಹೊರತೆಗೆದ ಮೇಲೆ ಕೋಣೆಯ ಶಾಖಕ್ಕೆ ಬರುವವರೆಗೆ ಚೀಲ ಬಿಚ್ಚುವಂತಿಲ್ಲ, ಬಿಚ್ಚಿದರೆ ನೀರು ಕಟ್ಟುತ್ತದೆ. ಗಾಜಿನ ನೆಗೆಟಿವ್‌ಗೆ ಈ ವಿಧಾನ ಬೇಡ.

ಲೀ ವೃತ್ತಿ ನಡೆಸಿದ ಕಾಲದ ನೆಗೆಟಿವ್‌ಗಳಲ್ಲಿ ಎರಡು ಬಗೆಯ ಅಪಾಯ. 1950ರ ದಶಕದ ಆರಂಭದವರೆಗೂ ನೈಟ್ರೇಟ್ ಫಿಲಂ ಬಳಕೆಯಲ್ಲಿತ್ತು. ಅದು ಹಳದಿಗಟ್ಟಿ ಅಂಟಂಟಾಗುತ್ತದೆ, ಸುಲಭವಾಗಿ ಬೆಂಕಿ ಹತ್ತುತ್ತದೆ, ಆದ್ದರಿಂದ ಉಳಿದವುಗಳ ಜೊತೆ ಇಡಲೇಬಾರದು. ಆಮೇಲಿನ ಅಸಿಟೇಟ್ ಫಿಲಂ ಕೆಟ್ಟರೆ ವಿನಿಗರ್ ವಾಸನೆ ಬರುತ್ತದೆ, ಆ ಆವಿ ಪಕ್ಕದ ಫಿಲಂಗೂ ತಗಲುತ್ತದೆ. ಪೆಟ್ಟಿಗೆಯೊಳಗೆ ಇಡುವ ಪರೀಕ್ಷಾ ಪಟ್ಟಿ ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗಿದಷ್ಟೂ ಪರಿಸ್ಥಿತಿ ಕೆಟ್ಟಿದೆ ಎಂದರ್ಥ. ಸ್ಟೀರಿಯೊ ಸ್ಲೈಡುಗಳನ್ನು ಪ್ರೊಜೆಕ್ಟರ್‌ಗೆ ಹಾಕಿ ತೋರಿಸುವ ಆಸೆ ತಡೆಯಬೇಕು, ಬಣ್ಣ ಹೋಗುವುದು ಆ ಬೆಳಕಿಗೆ. ಜೋಡಿಯ ಎರಡೂ ಚಿತ್ರಗಳನ್ನು ಒಂದೇ ಚೌಕಟ್ಟಿನಲ್ಲಿ ಒಟ್ಟಿಗೆ ಸ್ಕ್ಯಾನ್ ಮಾಡಿದರೆ ಆಳದ ನೋಟವನ್ನು ಪರದೆಯ ಮೇಲೆ ಮತ್ತೆ ಕಟ್ಟಬಹುದು.

ತಂತಿಗಳಲ್ಲಿ ಅಚ್ಚಾದ ಪಟ್ಟಿಗಳನ್ನು ಹಾಳೆಗೆ ಅಂಟಿಸಿರುತ್ತಾರೆ. ಅಂಟು ಒಣಗಿ ಪಟ್ಟಿ ಉದುರಿದರೆ ಸಾಲಿನ ಕ್ರಮವೇ ಹೋಗುತ್ತದೆ. ಹಾಗಾಗಿ ಪೆಟ್ಟಿಗೆಯಲ್ಲಿ ಮೊದಲು ಸ್ಕ್ಯಾನ್ ಆಗಬೇಕಾದದ್ದು ತಂತಿಗಳೇ. ಪತ್ರಕ್ಕೆ 300ರಿಂದ 400 ಪಿಪಿಐ (ಇಂಚಿಗೆ ಇಷ್ಟು ಪಿಕ್ಸೆಲ್), ಫೋಟೊಗೆ 600, ಉಳಿಸುವ ಪ್ರತಿ ಟಿಫ್, ಓದುವ ಪ್ರತಿ ಜೆಪೆಗ್. ತುಕ್ಕು ಹಿಡಿದ ಗುಂಡುಸೂಜಿಯನ್ನು ಎಳೆಯದೆ, ಕಾಗದದಡಿ ತೆಳುವಾದ ಪಾಲಿಯೆಸ್ಟರ್ ತುಂಡು ಇಟ್ಟು ಜಾರಿಸಿ ತೆಗೆಯಬೇಕು. ಪೇಪರ್ ಕಟಿಂಗ್‌ನ ಆಮ್ಲ ಪಕ್ಕದ ಪತ್ರಕ್ಕೆ ಕಂದು ಕಲೆ ಹತ್ತಿಸುತ್ತದೆ. ನಡುವೆ ಆಮ್ಲರಹಿತ ಹಾಳೆ ಇರಲಿ.

ನಮ್ಮಲ್ಲಿ ಕಂಪನಿ ನಾಟಕದಿಂದ ಸಿನಿಮಾಕ್ಕೆ ಬಂದ ನಟಿಯರ ಮನೆಗಳಲ್ಲಿ ಇರುವುದೂ ಬಹುಪಾಲು ಇಂಥದ್ದೇ: ಪಾತ್ರದ ಮಾತು ಬರೆದುಕೊಂಡ ನೋಟ್‌ಬುಕ್, ಕರಪತ್ರ, ಸ್ಟಿಲ್‌ಗಳು, ಸನ್ಮಾನ ಪತ್ರ. ಮಳೆಗಾಲದಲ್ಲಿ ತೇವಾಂಶ ಶೇ 80 ದಾಟುವ ಊರುಗಳಲ್ಲಿ ಲಂಡನ್ನಿನ ಅಂಕಿ ಸಾಧ್ಯವಿಲ್ಲ. ಆದರೆ ಕಬ್ಬಿಣದ ಟ್ರಂಕನ್ನು ಗೋಡೆಯಿಂದ ಒಂದಡಿ ಈಚೆಗೆ, ನೆಲದಿಂದ ಎತ್ತರಿಸಿ ಇಡುವುದು, ಒಣ ದಿನಗಳಲ್ಲಿ ಮುಚ್ಚಳ ತೆರೆದು ಗಾಳಿಯಾಡಿಸುವುದು ಯಾರ ಕೈಲೂ ಆಗುತ್ತದೆ. ಪ್ರೀತಿಯಿಂದ ಮಾಡುವ ಎರಡು ಕೆಲಸ ಮಾತ್ರ ದಯವಿಟ್ಟು ಬೇಡ: ಸನ್ಮಾನ ಪತ್ರ, ಫೋಟೊಗಳಿಗೆ ಲ್ಯಾಮಿನೇಷನ್ ಮಾಡಿಸುವುದು, ಮತ್ತು ಅಂಟುಪುಟದ ಆಲ್ಬಂಗೆ ಹಾಕುವುದು. ಲ್ಯಾಮಿನೇಷನ್ ಬಿಡಿಸಲು ಹೋದರೆ ಚಿತ್ರವೂ ಕಿತ್ತು ಬರುತ್ತದೆ.

ಮಾರಾಟ

2017ರ ಸೆಪ್ಟೆಂಬರ್ 26ರಂದು ಲಂಡನ್ನಿನ ಸದಬೀಸ್‌ನಲ್ಲಿ ಲೀ ಮನೆಯ ವಸ್ತುಗಳ ಹರಾಜು ನಡೆದು ಒಟ್ಟು 22 ಲಕ್ಷ ಪೌಂಡ್‌ಗೂ ಹೆಚ್ಚು ಬಂತು. ಒಡವೆ, ಪೀಠೋಪಕರಣ, ಚರ್ಚಿಲ್ ಬರೆದುಕೊಟ್ಟ ಗುಲಾಬಿಯ ಚಿತ್ರ ಹೋದವು. 'ಗಾನ್ ವಿತ್ ದಿ ವಿಂಡ್' ಕಾದಂಬರಿಯ, ಲೇಖಕಿ ಮಾರ್ಗರೆಟ್ ಮಿಚೆಲ್ ಲೀಗೆ ಬರೆದು ಸಹಿ ಮಾಡಿದ ಪ್ರತಿಯೂ ಹೋಯಿತು. ಇದಕ್ಕೂ ಮೊದಲೇ, 1993ರಲ್ಲಿ, ಆ ಚಿತ್ರಕ್ಕೆ ಬಂದ ಆಸ್ಕರ್ ಪ್ರತಿಮೆ 5,63,500 ಡಾಲರ್‌ಗೆ ಮಾರಾಟವಾಗಿತ್ತು. 1950ರಿಂದೀಚೆಗೆ ಪ್ರಶಸ್ತಿ ಪಡೆದವರು ಮಾರುವುದಾದರೆ ಮೊದಲು ಆಸ್ಕರ್ ಕೊಡುವ ಅಕಾಡೆಮಿಗೇ ಒಂದು ಡಾಲರ್‌ಗೆ ಕೊಡಬೇಕೆಂಬ ಕರಾರಿದೆ. ಲೀ ಪಡೆದ ಮೊದಲ ಆಸ್ಕರ್ ಅದಕ್ಕಿಂತ ಹಿಂದಿನದು.

ಕುಟುಂಬ ಕಾಗದಪತ್ರವನ್ನು ಮೊದಲು ಮ್ಯೂಸಿಯಂಗೆ ಸೇರಿಸಿ ಆಮೇಲೆ ವಸ್ತುಗಳನ್ನು ಹರಾಜಿಗಿಟ್ಟದ್ದು ಒಳ್ಳೆಯ ಅನುಕ್ರಮ. ಅದು ತಿರುವುಮುರುವಾಗಿದ್ದರೆ ಪತ್ರಗಳೂ ಬಿಡಿಬಿಡಿಯಾಗಿ ಹೋಗುತ್ತಿದ್ದವು. ಆದರೂ ಸಹಿ ಇರುವ ಪುಸ್ತಕ ಒಂದು ರೀತಿಯಲ್ಲಿ ಪತ್ರವೇ. ಅದರೊಳಗಿನ ಬರಹ ಪತ್ರವ್ಯವಹಾರದ ಭಾಗ. ಮಾರುವ ಮುನ್ನ ಮುಖಪುಟ, ಸಹಿಯ ಪುಟ, ಅಂಚಿನ ಟಿಪ್ಪಣಿ ಇರುವ ಪುಟಗಳ ಸ್ಕ್ಯಾನ್ ಮಾಡಿ ಸಂಗ್ರಹಕ್ಕೆ ಸೇರಿಸಬೇಕೆಂದು ಒಪ್ಪಂದದಲ್ಲೇ ಬರೆಸಿಕೊಳ್ಳುವುದು ಎರಡೂ ಕಡೆಯವರಿಗೆ ಅನುಕೂಲ. ಈಗ ಈ ಪ್ರಕರಣದಲ್ಲಿ ಹರಾಜಿನ ಕ್ಯಾಟಲಾಗೇ ಒಂದು ದಾಖಲೆ. ಯಾವ ವಸ್ತು ಯಾವಾಗ ಮನೆಯಿಂದ ಹೊರಟಿತೆಂಬುದಕ್ಕೆ ಅದರ ಲಾಟ್ ಸಂಖ್ಯೆಯನ್ನೇ ಉಲ್ಲೇಖಿಸಬೇಕು.

ಓದಬಹುದು, ಅಚ್ಚು ಹಾಕಬಹುದೇ?

ಲೀಗೆ ದೀರ್ಘಕಾಲದ ಮಾನಸಿಕ ಕಾಯಿಲೆ ಇತ್ತು. 1953ರಲ್ಲಿ ಸಿಲೋನಿನಲ್ಲಿ ಶುರುವಾದ ಒಂದು ಚಿತ್ರೀಕರಣದ ನಡುವೆ ಕುಸಿದು ಚಿತ್ರವನ್ನೇ ಬಿಡಬೇಕಾಯಿತು. ಬ್ರಿಟನ್ನಿನ ದತ್ತಾಂಶ ರಕ್ಷಣಾ ಕಾನೂನು ಅನ್ವಯಿಸುವುದು ಬದುಕಿರುವವರಿಗೆ ಮಾತ್ರ. ಆದರೆ ಪತ್ರಗಳಲ್ಲಿ ಇತರರ ಆರೋಗ್ಯ, ಮಕ್ಕಳ ವಿಷಯವೂ ಬರುತ್ತದೆ. ಸಾವಿನ ದಾಖಲೆ ಇಲ್ಲದವರ ಆಯುಸ್ಸನ್ನು 100 ವರ್ಷವೆಂದು ಹಿಡಿದು ಅಂಥ ಪತ್ರಗಳನ್ನು ಮುಚ್ಚಿಡುವುದು ಅಲ್ಲಿನ ಆರ್ಕೈವ್‌ಗಳ ಪದ್ಧತಿ. ಇಡೀ ಕಡತ ಮುಚ್ಚದೆ ಒಂದು ಪತ್ರ ತೆಗೆದಿಟ್ಟು, ಅದರ ಜಾಗದಲ್ಲಿ ಯಾವ ವರ್ಷ ತೆರೆಯುತ್ತದೆ ಎಂಬ ಚೀಟಿ ಇಡುವುದು ಸರಿಯಾದ ಕ್ರಮ.

ಹಕ್ಕುಸ್ವಾಮ್ಯದ ಲೆಕ್ಕ ಕಾಗದದ ಒಡೆತನದಿಂದ ಪೂರ್ತಿ ಬೇರೆ. ಪತ್ರ ಮ್ಯೂಸಿಯಂನದು, ಅದರೊಳಗಿನ ಮಾತು ಬರೆದವರ ವಾರಸುದಾರರದು. ಬ್ರಿಟಿಷ್ ಕಾನೂನಿನಲ್ಲಿ 1969ಕ್ಕೆ ಮೊದಲು ತೀರಿಕೊಂಡವರ, 1989ರ ಆಗಸ್ಟ್ ವರೆಗೂ ಪ್ರಕಟವಾಗದೆ ಉಳಿದಿದ್ದ ಬರಹಕ್ಕೆ 2039ರ ಕೊನೆಯವರೆಗೆ ರಕ್ಷಣೆಯಿದೆ. 1967ರಲ್ಲಿ ತೀರಿಕೊಂಡ ಲೀ ಬರೆದ ದಿನಚರಿಯ ಅಪ್ರಕಟಿತ ಪುಟಗಳಿಗೂ, 1965ರಲ್ಲಿ ತೀರಿಕೊಂಡ ಎಲಿಯಟ್ ಮತ್ತು ಚರ್ಚಿಲ್ ಬರೆದ ಅಂಥ ಪತ್ರಗಳಿಗೂ ಇದೇ ಗಡುವು. ಆಮೇಲೆ ತೀರಿಕೊಂಡವರಿಗೆ ಸಾವಿನ ನಂತರ 70 ವರ್ಷ: 1983ರಲ್ಲಿ ತೀರಿಕೊಂಡ ಟೆನೆಸೀ ವಿಲಿಯಮ್ಸ್‌ಗೆ 2053, 2005ರಲ್ಲಿ ತೀರಿಕೊಂಡ ಆರ್ಥರ್ ಮಿಲ್ಲರ್‌ಗೆ 2075. ಭಾರತದಲ್ಲಿ ಲೇಖಕರ ಸಾವಿನ ನಂತರ 60 ವರ್ಷ ಎಂಬುದು ಸಾಮಾನ್ಯ ನಿಯಮ. ಮರಣೋತ್ತರವಾಗಿ ಮೊದಲು ಪ್ರಕಟವಾದ ಬರಹಕ್ಕೆ ಆ 60 ವರ್ಷವನ್ನು ಪ್ರಕಟಣೆಯಿಂದ ಎಣಿಸುತ್ತಾರೆ.

ರಂಗಸಂಗ್ರಹ ಬಹುಕಾಲ ಪಶ್ಚಿಮ ಲಂಡನ್ನಿನ ಬ್ಲೈದ್ ಹೌಸ್‌ನಲ್ಲಿತ್ತು. ಆ ಕಟ್ಟಡ ಖಾಲಿಯಾಗಿ ಮ್ಯೂಸಿಯಂನ ಹೊಸ ಉಗ್ರಾಣ 2025ರ ಮೇ 31ರಂದು ಪೂರ್ವ ಲಂಡನ್ನಿನ ಒಲಿಂಪಿಕ್ ಪಾರ್ಕ್‌ನಲ್ಲಿ ತೆರೆಯಿತು. ಹಳೆಯ ಪುಸ್ತಕಗಳಲ್ಲಿ ಬ್ಲೈದ್ ಹೌಸ್ ವಿಳಾಸ ಕಂಡು ಅಲ್ಲಿಗೆ ಹೋಗಬೇಡಿ. ಬೇಕಾದ ಕಡತವನ್ನು ಟಿಎಚ್‌ಎಂ/433ರ ಪೂರ್ತಿ ಸಂಖ್ಯೆಯೊಂದಿಗೆ ಮುಂಚಿತವಾಗಿ ಕಾಯ್ದಿರಿಸಬೇಕು. 'ಲೀ ಪತ್ರಗಳು' ಎಂದಷ್ಟೇ ಬರೆದರೆ ಯಾವ ಪೆಟ್ಟಿಗೆ ತರಬೇಕೆಂದು ಸಿಬ್ಬಂದಿಗೆ ತಿಳಿಯುವುದಿಲ್ಲ. ಮೇಜಿನ ಬಳಿ ಪೆನ್ಸಿಲ್ ಮಾತ್ರ, ಫೋಟೊ ತೆಗೆಯಲು ಅನುಮತಿ ಸಿಕ್ಕರೆ ಪ್ರತಿ ಚಿತ್ರದ ಮೂಲೆಯಲ್ಲಿ ಕಡತದ ಸಂಖ್ಯೆಯ ಚೀಟಿಯೂ ಬರುವಂತೆ ಇಟ್ಟುಕೊಳ್ಳಿ.